ಎಂಜಿನ್ನನ್ನು ಬೈಯುವ ಮೊದಲು ಪ್ರೊಪೆಲ್ಲರ್ ನೋಡಿ

ಕರಾವಳಿಯಲ್ಲಿ ಚೆನ್ನಾಗಿ ಓಡುತ್ತಿದ್ದ ಔಟ್‌ಬೋರ್ಡ್ ಮೋಟಾರನ್ನು (ದೋಣಿಯ ಹಿಂಬದಿಗೆ ನೇತುಹಾಕುವ ಎಂಜಿನ್) ಸೆಕೆಂಡ್ ಹ್ಯಾಂಡ್‌ನಲ್ಲಿ ತಂದು ಮುನಿರಾಬಾದಿನ ತುಂಗಭದ್ರಾ ಹಿನ್ನೀರಿಗೆ ಇಳಿಸಿದರೆ ಅದು ಅಲ್ಲಿಯ ಹಾಗೆ ಎಳೆಯುವುದಿಲ್ಲ. ಮಾರಿದವನು ಮೋಸ ಮಾಡಿದ ಎಂದು ತೀರ್ಮಾನಿಸುವವರೇ ಹೆಚ್ಚು. ತುಂಗಭದ್ರಾ ಜಲಾಶಯ ತುಂಬಿದಾಗ ನೀರು ಸಮುದ್ರಮಟ್ಟದಿಂದ 1633 ಅಡಿ ಮೇಲಿರುತ್ತದೆ. ಗಾಳಿ ತೆಳುವಾದಂತೆ ಎಂಜಿನ್ನಿನ ಶಕ್ತಿ ಪ್ರತಿ ಸಾವಿರ ಅಡಿಗೆ ಶೇಕಡ ಮೂರರಷ್ಟು ಇಳಿಯುತ್ತದೆ. ಅಂದರೆ ಇಲ್ಲಿಗೆ ಬರುವಷ್ಟರಲ್ಲಿ ಶೇಕಡ ಐದು ಹೋಗಿರುತ್ತದೆ. ಮೇ ತಿಂಗಳ ಬಿಸಿಲು ಇನ್ನಷ್ಟು ಕಸಿಯುತ್ತದೆ. ಇದಕ್ಕೆ ಹೆಚ್ಚು ಎಚ್‌ಪಿಯ ಎಂಜಿನ್ ಕೊಳ್ಳುವುದು ದುಬಾರಿ ದಾರಿ. ದೋಣಿಗೆ ಮೋಟಾರ್ ಕೂರಿಸುವ ಎತ್ತರ ಮತ್ತು ಪ್ರೊಪೆಲ್ಲರಿನ ಪಿಚ್ (ಒಂದು ಸುತ್ತಿಗೆ ಅದು ಮುಂದೆ ಸಾಗಬೇಕಾದ ದೂರ), ಇವೆರಡನ್ನು ಇಲ್ಲಿನ ನೀರಿಗೆ ಹೊಂದಿಸಿದರೆ ಬಹುಪಾಲು ಸಾಕು. ಮೊದಲು ಎತ್ತರ, ಆಮೇಲೆ ಪಿಚ್. ತಿರುವುಮುರುವಾದರೆ ಕೆಲಸ ಎರಡು ಸಲ ಆಗುತ್ತದೆ, ಏಕೆಂದರೆ ಎತ್ತರ ಬದಲಾದರೆ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು, ಕೂಡ ಬದಲಾಗುತ್ತದೆ.

ಎತ್ತರ ಹೊಂದಿಸುವುದು

ಮೋಟಾರ್ ನೇತುಹಾಕುವ ಹಿಂಬದಿ ಹಲಗೆಯನ್ನು ಟೇಪಿನಿಂದ ಅಳೆಯಿರಿ: ಹಲಗೆಯ ಮೇಲಂಚಿನ ನಡುವಿನಿಂದ ದೋಣಿಯ ತಳದವರೆಗೆ. ಸುಮಾರು 15 ಇಂಚು ಬಂದರೆ ಶಾರ್ಟ್ ಶಾಫ್ಟ್, 20 ಬಂದರೆ ಲಾಂಗ್ ಶಾಫ್ಟ್ ಮೋಟಾರ್ ಬೇಕು. 15 ಇಂಚಿನ ಹಲಗೆಗೆ ಲಾಂಗ್ ಶಾಫ್ಟ್ ಸಿಕ್ಕಿಸಿ, ಹೇಗೋ ನಡೆಯುತ್ತದೆ ಎನ್ನುವವರಿದ್ದಾರೆ. ನಡೆಯುತ್ತದೆ, ಮೊದಲ ಬಂಡೆ ಸಿಗುವವರೆಗೆ.

ಪ್ರೊಪೆಲ್ಲರಿನ ಮೇಲ್ಗಡೆ ಒಂದು ಚಪ್ಪಟೆ ತಟ್ಟೆ ಇರುತ್ತದೆ. ಮೆಕ್ಯಾನಿಕ್‌ಗಳು ಕ್ಯಾವಿಟೇಶನ್ ಪ್ಲೇಟ್ ಎನ್ನುತ್ತಾರೆ. ಮೇಲಿನ ಗಾಳಿ ರೆಕ್ಕೆಗಳತ್ತ ಇಳಿಯದಂತೆ ತಡೆಯುವುದು ಅದರ ಕೆಲಸ. ದೋಣಿಯ ತಳಕ್ಕೆ ಉದ್ದನೆಯ ನೇರ ಪಟ್ಟಿಯೊಂದನ್ನು ಹಿಡಿದು ಹಿಂದಕ್ಕೆ ಚಾಚಿ. ತಟ್ಟೆ ಆ ಪಟ್ಟಿಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಒಂದು ಇಂಚಿನೊಳಗೆ ಕೆಳಗಿದ್ದರೆ ಪರೀಕ್ಷೆ ಆರಂಭಿಸಬಹುದು. ಬೋಲ್ಟ್ ಹಾಕುವ ಮೋಟಾರುಗಳ ಬ್ರಾಕೆಟ್ಟಿನಲ್ಲಿ ಸಾಮಾನ್ಯವಾಗಿ ಮುಕ್ಕಾಲು ಇಂಚಿಗೊಂದು ತೂತಿರುತ್ತದೆ. ಒಂದೊಂದೇ ತೂತು ಏರಿಸಿ ನೋಡಬೇಕು. ಚಿಕ್ಕ ಕ್ಲ್ಯಾಂಪ್ ಮೋಟಾರುಗಳಿಗೆ ಹಲಗೆಯ ಮೇಲೆ ಗಟ್ಟಿ ಮರದ ಪಟ್ಟಿ ಕೂರಿಸಿದರೂ ಆಯಿತು.

ಮೋಟಾರ್ ತೀರ ಕೆಳಗಿದ್ದರೆ ನೀರು ಹಿಂದಿನಿಂದ ಚಿಮ್ಮುತ್ತದೆ, ಹ್ಯಾಂಡಲ್ ಭಾರವಾಗುತ್ತದೆ, ವೇಗ ಏರುವುದಿಲ್ಲ. ತೀರ ಮೇಲಿದ್ದರೆ ತಿರುವಿನಲ್ಲಿ ಎಂಜಿನ್ ಇದ್ದಕ್ಕಿದ್ದಂತೆ ಕಿರುಚುತ್ತದೆ, ದೋಣಿ ಮಾತ್ರ ಮುಂದಕ್ಕೆ ಹೋಗುವುದಿಲ್ಲ. ರೆಕ್ಕೆಗಳು ಗಾಳಿಯನ್ನು ಹಿಡಿದಿವೆ ಎಂದರ್ಥ. ಹಾಗಾಗುವವರೆಗೆ ಏರಿಸಿ, ಒಂದು ತೂತು ಇಳಿಸಿ, ಅಲ್ಲೇ ಬಿಗಿ ಮಾಡಿ. ಪ್ರತಿ ಸಲ ಏರಿಸಿದಾಗಲೂ ಎಂಜಿನ್ನಿನ ಪಕ್ಕದಿಂದ ಬೀಳುವ ತಂಪು ನೀರಿನ ಸಣ್ಣ ಧಾರೆಯನ್ನು ಗಮನಿಸಬೇಕು. ಧಾರೆ ಕಡಿದರೆ ಕೂಡಲೇ ಎಂಜಿನ್ ನಿಲ್ಲಿಸಿ. ವೇಗದ ಆಸೆಗೆ ಎಂಜಿನ್ನನ್ನೇ ಸುಟ್ಟುಕೊಳ್ಳಬಾರದು.

ನಮ್ಮ ಕಡೆ ಎತ್ತರವನ್ನು ಸ್ವಲ್ಪ ಮೇಲೆಯೇ ಇಡುವುದು ಜಾಣತನ. 133 ಟಿಎಂಸಿ ಅಡಿ ಸಾಮರ್ಥ್ಯದೊಂದಿಗೆ ಆರಂಭವಾದ ಜಲಾಶಯ ಈಗ ಹಿಡಿಯುವುದು ಸುಮಾರು 105; ಉಳಿದ ಜಾಗದಲ್ಲಿ ಹೂಳು ಕುಳಿತಿದೆ. ಬೇಸಿಗೆಯಲ್ಲಿ ನೀರು ಇಳಿದಾಗ ಹಿನ್ನೀರಿನ ಅಂಚಿನಲ್ಲಿ ಕೆಸರು, ಬೊಡ್ಡೆ, ಮುಳುಗಿದ ಊರುಗಳ ಹಳೆಯ ಗೋಡೆಗಳು ಮೇಲ್ಮೈಗೆ ಹತ್ತಿರ ಬರುತ್ತವೆ.

ಪಿಚ್ ಆರಿಸುವುದು

ಪ್ರೊಪೆಲ್ಲರಿನ ಮೇಲೆ ಎರಡು ಅಂಕಿಗಳಿರುತ್ತವೆ: ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಒಂದು ಸುತ್ತಿಗೆ, ಜಾರದೆ ಹೋದರೆ, ಎಷ್ಟು ಇಂಚು ಮುಂದೆ ಸಾಗಬೇಕು ಎಂಬುದೇ ಪಿಚ್. ವ್ಯಾಸವನ್ನು ಎಂಜಿನ್ ತಯಾರಕರು ಹೆಚ್ಚುಕಡಿಮೆ ನಿಗದಿ ಮಾಡಿಬಿಟ್ಟಿರುತ್ತಾರೆ. ನಮ್ಮ ಕೈಯಲ್ಲಿರುವುದು ಪಿಚ್.

ಎಂಜಿನ್ನಿನ ಪುಸ್ತಕದಲ್ಲಿ ಪೂರ್ತಿ ಥ್ರಾಟಲ್‌ಗೆ ಇಷ್ಟು ಆರ್‌ಪಿಎಂ ಬರಬೇಕು ಎಂದು ಬರೆದಿರುತ್ತದೆ. ಈಗಿನ ಫೋರ್ ಸ್ಟ್ರೋಕ್ ಮೋಟಾರುಗಳಲ್ಲಿ ಹೆಚ್ಚಾಗಿ 5,000ದಿಂದ 6,000. ಮೀಟರ್ ಇಲ್ಲದಿದ್ದರೆ ಸ್ಪಾರ್ಕ್ ಪ್ಲಗ್ಗಿನ ವೈರಿಗೆ ಸುತ್ತುವ ಚಿಕ್ಕ ಡಿಜಿಟಲ್ ಟ್ಯಾಕೋಮೀಟರ್ ಸಿಗುತ್ತದೆ, ಅದು ಬೇಕೇ ಬೇಕು. ಕಿವಿಯಿಂದ ಆರ್‌ಪಿಎಂ ಹೇಳುತ್ತೇನೆ ಎನ್ನುವವರನ್ನು ನಂಬಬೇಡಿ.

ಪರೀಕ್ಷೆಯನ್ನು ಖಾಲಿ ದೋಣಿಯಲ್ಲಿ ಮಾಡುವುದು ದೊಡ್ಡ ತಪ್ಪು. ಲಿಂಗಸುಗೂರು ತಾಲ್ಲೂಕಿನ ಕೃಷ್ಣಾ ನದಿಯ ನಡುಗಡ್ಡೆಗಳಿಗೆ ಜನ, ಹಾಲಿನ ಕ್ಯಾನು, ಗೊಬ್ಬರದ ಚೀಲ ಸಾಗಿಸುವ ದೋಣಿಯಾದರೆ ಅಷ್ಟೇ ಭಾರ ಹೇರಿಕೊಂಡು ಹೋಗಿ. ಎಲ್ಲರಿಗೂ ಲೈಫ್ ಜಾಕೆಟ್ ಇರಲಿ, ಎಂಜಿನ್ ಆರಿಸುವ ಸುರಕ್ಷತಾ ಹಗ್ಗ ಚಾಲಕನ ಕೈಗೆ ಕಟ್ಟಿರಲಿ. ಮೊಬೈಲಿನ ಜಿಪಿಎಸ್‌ನಲ್ಲಿ ವೇಗ ನೋಡಿ. ಹರಿಯುವ ನೀರಿನಲ್ಲಿ ಪ್ರವಾಹದ ದಿಕ್ಕಿಗೆ ಒಮ್ಮೆ, ಎದುರಿಗೆ ಒಮ್ಮೆ ಓಡಿಸಿ ಎರಡರ ಸರಾಸರಿ ತೆಗೆಯಬೇಕು, ಇಲ್ಲವಾದರೆ ನದಿಯ ವೇಗವನ್ನು ನಿಮ್ಮ ಮೋಟಾರಿನ ಲೆಕ್ಕಕ್ಕೆ ಬರೆದುಕೊಳ್ಳುತ್ತೀರಿ. ಪರೀಕ್ಷೆಗೆ ಅನುಮತಿ ಇರುವ ಜಾಗವನ್ನೇ ಆರಿಸಿ. ಅಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿಯವರೆಗಿನ 34 ಕಿಲೋಮೀಟರ್ ನದಿ 2015ರಿಂದ ನೀರುನಾಯಿಗಳ ಸಂರಕ್ಷಣಾ ಮೀಸಲು. ಅಲ್ಲಿ ಎಂಜಿನ್ ಪ್ರಯೋಗ ಬೇಡ.

ಆರ್‌ಪಿಎಂ ಪುಸ್ತಕದ ಮಿತಿಗಿಂತ ಕೆಳಗೆ ನಿಂತರೆ ಪಿಚ್ ಜಾಸ್ತಿಯಾಗಿದೆ. ನೇಗಿಲು ಹೂಡಿದ ಟ್ರ್ಯಾಕ್ಟರನ್ನು ಟಾಪ್ ಗೇರಿನಲ್ಲಿ ಎಳೆಸಿದಂತೆ ಎಂಜಿನ್ ಏದುಸಿರು ಬಿಡುತ್ತದೆ. ಇಂಗಾಲ ಕಟ್ಟುತ್ತದೆ, ಪಿಸ್ಟನ್ ಸವೆಯುತ್ತದೆ. ಮಿತಿ ದಾಟಿ ಏರಿದರೆ ಪಿಚ್ ಕಡಿಮೆ. ಒಂದು ಇಂಚು ಪಿಚ್ ಇಳಿಸಿದರೆ ಸುಮಾರು 150ರಿಂದ 200 ಆರ್‌ಪಿಎಂ ಏರುತ್ತದೆ. 13ರ ಪಿಚ್ಚಿನಲ್ಲಿ 4,900 ಬರುತ್ತಿದ್ದರೆ 10ಕ್ಕೆ ಇಳಿಸಿ. 5,350ರಿಂದ 5,500ರ ನಡುವೆ ನಿಲ್ಲಬೇಕು. ಸಮುದ್ರಮಟ್ಟಕ್ಕೆಂದು ಮಾಡಿದ ಪಟ್ಟಿಯಿಂದ ಆರಿಸುವವರು ಇಲ್ಲಿ ಒಂದು ಇಂಚು ಕಡಿಮೆಯಿಂದಲೇ ಶುರುಮಾಡಬಹುದು.

ಪಿಚ್ಚಿನ ಲೆಕ್ಕದಂತೆ ಸಾಗಬೇಕಾದ ವೇಗಕ್ಕಿಂತ ದೋಣಿ ಎಷ್ಟು ಹಿಂದೆ ಬೀಳುತ್ತದೆ ಎಂಬುದೇ ಜಾರುವಿಕೆ; ಅದರ ಲೆಕ್ಕವೂ ಕಷ್ಟವಲ್ಲ. ಎಂಜಿನ್ 5,400 ಸುತ್ತಿದರೆ, ಗೇರ್ ಅನುಪಾತ 2 ಆಗಿದ್ದರೆ, ಪ್ರೊಪೆಲ್ಲರ್ ಸುತ್ತುವುದು 2,700. ಪಿಚ್ 11 ಇದ್ದರೆ ನಿಮಿಷಕ್ಕೆ 29,700 ಇಂಚು, ಅಂದರೆ ಗಂಟೆಗೆ ಸುಮಾರು 45 ಕಿಲೋಮೀಟರ್. ಜಿಪಿಎಸ್ 37 ತೋರಿಸಿದರೆ ಜಾರುವಿಕೆ ಶೇಕಡ 18. ಹಗುರ ದೋಣಿಗೆ ಶೇಕಡ 10ರಿಂದ 20ರವರೆಗೆ ಸಹಜ, ಭಾರ ಹೊತ್ತದ್ದಕ್ಕೆ ಇನ್ನೂ ಹೆಚ್ಚು. ಏಕಾಏಕಿ ಏರಿದ್ದರೆ ರೆಕ್ಕೆ ಬಾಗಿರಬಹುದು, ಇಲ್ಲವೇ ಪ್ರೊಪೆಲ್ಲರನ್ನು ಶಾಫ್ಟಿಗೆ ಹಿಡಿಸುವ ಒಳಗಿನ ರಬ್ಬರ್ ಬುಷ್ ಜಾರುತ್ತಿರಬಹುದು. ಬುಷ್ ಮತ್ತು ಪ್ರೊಪೆಲ್ಲರನ್ನು ಕೂಡಿಸುವಂತೆ ಬಣ್ಣದ ಒಂದು ಗೆರೆ ಎಳೆದಿಡಿ. ಓಡಿಸಿದ ಮೇಲೆ ಗೆರೆ ಮುರಿದಿದ್ದರೆ ಸಂಶಯವೇ ಬೇಡ.

ಸ್ಟೀಲೋ ಅಲ್ಯೂಮಿನಿಯಮ್ಮೋ? ಸ್ಟೀಲ್ ವೇಗ ಕೊಡುತ್ತದೆ, ನಿಜ. ಆದರೆ ಬಂಡೆಗೆ ಬಡಿದಾಗ ಅಲ್ಯೂಮಿನಿಯಂ ರೆಕ್ಕೆ ತಾನು ಬಾಗಿ ಗೇರುಗಳನ್ನು ಉಳಿಸುತ್ತದೆ. ಸ್ಟೀಲ್ ಆ ಪೆಟ್ಟನ್ನು ಒಳಕ್ಕೆ ಕಳಿಸುತ್ತದೆ. ಕೃಷ್ಣೆ, ತುಂಗಭದ್ರೆಯ ಕಲ್ಲುಗಳಿಗೆ ನನ್ನ ಮತ ಅಲ್ಯೂಮಿನಿಯಮ್ಮಿಗೆ. ಭಾರದ ದೋಣಿಗೆ ನಾಲ್ಕು ರೆಕ್ಕೆಯದು ಹಿಡಿತ ಕೊಡುತ್ತದೆ, ಆಗ ಪಿಚ್ ಒಂದು ಇಂಚು ಇಳಿಸಿಕೊಳ್ಳಿ.

ಬಿಚ್ಚಿ ಹಾಕುವಾಗ

ಮೋಟಾರ್ ನ್ಯೂಟ್ರಲ್‌ನಲ್ಲಿರಲಿ, ಪ್ಲಗ್ಗಿನ ವೈರ್ ಕಳಚಿರಲಿ. ರೆಕ್ಕೆಗೂ ತಟ್ಟೆಗೂ ನಡುವೆ ಮರದ ತುಂಡು ಇಟ್ಟು ನಟ್ ಸಡಿಲಿಸಿ. ವಾಷರುಗಳು ಬಂದ ಕ್ರಮದಲ್ಲಿಯೇ ಹಿಂದಿರುಗಬೇಕು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದುಕೊಂಡರೆ ಒಳ್ಳೆಯದು. ಶಾಫ್ಟಿನ ಹಲ್ಲುಗಳಿಗೆ ಗ್ರೀಸ್ ಹಚ್ಚಿ, ನಟ್ ಬಿಚ್ಚಿಕೊಳ್ಳದಂತೆ ತಡೆಯುವ ಕಾಟರ್ ಪಿನ್ ಹೊಸದನ್ನೇ ಹಾಕಿ.

ಪ್ರೊಪೆಲ್ಲರ್ ಕೈಗೆ ಬಂದಾಗ ಅದರ ಹಿಂದೆ ಬೆರಳಾಡಿಸಿ ನೋಡಿ. ಹಿನ್ನೀರಿನ ತುಂಬ ಮೀನಿನ ಬಲೆಗಳು. ನೈಲಾನ್ ನೂಲು ಶಾಫ್ಟಿಗೆ ಸುತ್ತಿಕೊಂಡು ಆಯಿಲ್ ಸೀಲನ್ನು ಕೊಯ್ಯುತ್ತದೆ. ಗೇರ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೆ ಹೋಗಿಯಾಗಿದೆ. ಆಗ ಪಿಚ್ಚಿನ ಲೆಕ್ಕವನ್ನು ಬದಿಗಿಟ್ಟು ಮೊದಲು ಸೀಲ್ ಬದಲಿಸಿ, ಹೊಸ ಆಯಿಲ್ ತುಂಬಿಸಬೇಕು.