ಹಳೆ ಪದ್ಮಿನಿಯಲ್ಲಿ ಕಿಡಿ ಎಲ್ಲಿ ತಪ್ಪಿತು ಅಂತ ಹುಡುಕುವುದು

ಪ್ರೀಮಿಯರ್ ಪದ್ಮಿನಿ ಸ್ಟಾರ್ಟ್ ಆಗದಿದ್ದರೆ ಹೆಚ್ಚಿನವರು ಮೊದಲು ಪ್ಲಗ್ ಬಿಚ್ಚುತ್ತಾರೆ. ನನ್ನ ಗಮನ ಮೊದಲು ಹೋಗುವುದು ಡಿಸ್ಟ್ರಿಬ್ಯೂಟರ್ (ಪ್ಲಗ್ಗುಗಳಿಗೆ ಸರದಿಯಂತೆ ಕಿಡಿ ಹಂಚುವ ಡಬ್ಬ) ಒಳಗಿನ ಪಾಯಿಂಟ್ ಕಡೆಗೆ, ಅಂದರೆ ಕರೆಂಟು ಕೂಡಿಸಿ ಕಡಿಯುವ ಪುಟ್ಟ ಸ್ವಿಚ್ಚಿನ ಕಡೆಗೆ. ಕಿಡಿ ಕಾಣುವುದು ಪ್ಲಗ್ಗಿನಲ್ಲಿ, ನಿಜ. ಆದರೆ ಅದು ಹುಟ್ಟುವುದು ಪಾಯಿಂಟ್ ತೆರೆಯುವ ಕ್ಷಣದಲ್ಲಿ.

ಬ್ಯಾಟರಿ ಕೊಡುವುದು ಬರೀ 12 ವೋಲ್ಟ್. ಸಿಲಿಂಡರಿನಲ್ಲಿ ಒತ್ತಿ ಹಿಡಿದ ಗಾಳಿ-ಪೆಟ್ರೋಲ್ ನಡುವೆ ಕಿಡಿ ಹಾರಬೇಕಾದರೆ ಸಾವಿರಾರು ವೋಲ್ಟ್ ಬೇಕು. ಆ ಕೆಲಸ ಕಾಯಿಲ್‌ನದು. ಅದರೊಳಗೆ ಕಬ್ಬಿಣದ ತಿರುಳಿನ ಸುತ್ತ ಎರಡು ಸುರುಳಿ ಇವೆ: ದಪ್ಪ ತಂತಿಯದು ಕೆಲವು ನೂರು ಸುತ್ತು, ತೀರಾ ಸಣ್ಣ ತಂತಿಯದು ಸಾವಿರಾರು ಸುತ್ತು. ಪಾಯಿಂಟ್ ಮುಚ್ಚಿದ್ದಾಗ ದಪ್ಪ ಸುರುಳಿಯಲ್ಲಿ ಕರೆಂಟು ಹರಿದು ತಿರುಳು ಅಯಸ್ಕಾಂತವಾಗುತ್ತದೆ. ಡಿಸ್ಟ್ರಿಬ್ಯೂಟರಿನ ಕ್ಯಾಮ್ (ಉಬ್ಬುಗಳಿರುವ ದಂಡ) ತಿರುಗಿ ಪಾಯಿಂಟ್ ಬಿಡಿಸಿದ ಕೂಡಲೇ ಕರೆಂಟು ಕಡಿಯುತ್ತದೆ. ತೋಟದ ಪಂಪಿನ ನೀರು ಜೋರಾಗಿ ಹರಿಯುವಾಗ ವಾಲ್ವ್ ಫಕ್ಕನೆ ಮುಚ್ಚಿದರೆ ಪೈಪೇ ಅದುರುತ್ತದೆ ಅಲ್ವಾ, ಹಾಗೆಯೇ ಇಲ್ಲಿ ದಪ್ಪ ಸುರುಳಿಯಲ್ಲೇ ಇನ್ನೂರು ಮುನ್ನೂರು ವೋಲ್ಟ್ ಏಳುತ್ತದೆ. ಸಣ್ಣ ಸುರುಳಿಯಲ್ಲಿ ಅದು ಸುಮಾರು ನೂರು ಪಟ್ಟು. ಎಂಜಿನ್ ನಿಮಿಷಕ್ಕೆ 3000 ಸುತ್ತು ತಿರುಗುವಾಗ ನಾಲ್ಕು ಸಿಲಿಂಡರಿಗೆ ಸೇರಿ ಸೆಕೆಂಡಿಗೆ 100 ಸಲ ಇದು ನಡೆಯುತ್ತದೆ. ಅಷ್ಟು ಚಿಕ್ಕ ಪಾಯಿಂಟ್ ಎಷ್ಟು ದುಡಿಯುತ್ತದೆ ನೋಡಿ!

ಕರೆಂಟು ಮಾತ್ರ ಥಟ್ಟನೆ ಕಡಿಯಬೇಕು. ಪಾಯಿಂಟ್ ಬಿಡುವಾಗ ಕರೆಂಟು ಅಲ್ಲೇ ಹಾರಿ ದಾಟಲು ನೋಡುತ್ತದೆ. ಅದನ್ನು ಎಳೆದುಕೊಳ್ಳುವುದು ಕಂಡೆನ್ಸರ್. ಅದು ಕೆಟ್ಟರೆ ಪಾಯಿಂಟ್ ಕಪ್ಪಾಗಿ ಸುಡುತ್ತದೆ, ಪ್ಲಗ್ಗಿಗೆ ಹೋಗುವ ಕಿಡಿ ಸೊರಗುತ್ತದೆ. ಹೊಸ ಪಾಯಿಂಟ್ ಹಾಕಿ ಹಳೆ ಕಂಡೆನ್ಸರ್ ಉಳಿಸಬೇಡಿ. ನನ್ನ ಗಾಡಿಯ ಡ್ಯಾಶ್‌ಬೋರ್ಡಿನ ಡಬ್ಬದಲ್ಲಿ ಯಾವಾಗಲೂ ಒಂದು ಕಂಡೆನ್ಸರ್ ಇರುತ್ತದೆ.

ಈಗ ಪರೀಕ್ಷೆ. ಗಾಡಿ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಎಳೆದಿರಲಿ. ಪೆಟ್ರೋಲ್ ವಾಸನೆ ಬರುತ್ತಿದ್ದರೆ ಕಿಡಿ ಹಾರಿಸುವ ಯೋಚನೆಯೇ ಬೇಡ. ಕಾಯಿಲ್‌ನಿಂದ ಬರುವ ದಪ್ಪ ವೈರನ್ನು ಡಿಸ್ಟ್ರಿಬ್ಯೂಟರಿನ ಮುಚ್ಚಳ, ಅಂದರೆ ಕ್ಯಾಪಿನ ಮಧ್ಯದಿಂದ ಬಿಡಿಸಿ, ರಬ್ಬರ್ ಹಿಡಿಯ ಇಕ್ಕಳದಲ್ಲಿ ಹಿಡಿದು, ತುದಿಯನ್ನು ಎಂಜಿನ್ ಬ್ಲಾಕಿನಿಂದ ಸುಮಾರು 6 ಮಿಲಿಮೀಟರ್ ದೂರದಲ್ಲಿಡಿ. ಇನ್ನೊಬ್ಬರು ಸೆಲ್ಫ್ ಹೊಡೆಯಲಿ. ಬರಿಗೈಯಲ್ಲಿ ಮುಟ್ಟಬೇಡಿ, ಹೊಡೆತ ಬಲವಾಗಿರುತ್ತದೆ. ಎಲೆಕ್ಟ್ರಾನಿಕ್ ಇಗ್ನಿಷನ್ ಇರುವ ಹೊಸ ಕಾರಿನಲ್ಲಂತೂ ಹೀಗೆ ಮಾಡಲೇಬೇಡಿ, ಮಾಡ್ಯೂಲ್ ಸುಟ್ಟುಹೋಗಬಹುದು.

ಚಟಚಟ ಅಂತ ನೀಲಿ ಕಿಡಿ ಬಂತಾ? ಕಾಯಿಲ್, ಪಾಯಿಂಟ್ ಎರಡೂ ಸರಿ. ದೋಷ ಮುಂದೆ ಇದೆ: ಕ್ಯಾಪ್, ಅದರೊಳಗೆ ತಿರುಗುತ್ತಾ ಕಿಡಿ ಹಂಚುವ ರೋಟರ್, ಪ್ಲಗ್ ವೈರ್, ಕೊನೆಗೆ ಪ್ಲಗ್. ನಮ್ಮೂರು ಸಾಗರದ ಮಳೆಗಾಲದಲ್ಲಿ ಕ್ಯಾಪಿನೊಳಗೆ ತೇವ ಕೂರುವುದು ಮಾಮೂಲು. ಒಣ ಬಟ್ಟೆಯಲ್ಲಿ ಒರೆಸಿ. ಒಳಗೆ ಪೆನ್ಸಿಲ್ ಗೆರೆಯ ಹಾಗೆ ಕಪ್ಪು ಗೀರು ಕಂಡರೆ ಒರೆಸಿ ಪ್ರಯೋಜನವಿಲ್ಲ, ಕ್ಯಾಪ್ ಬದಲಿಸಿ. ವೈರ್ ಬಿಚ್ಚಿದ್ದರೆ ರೋಟರ್ ತಿರುಗುವ ದಿಕ್ಕಿನಲ್ಲಿ ಸಿಲಿಂಡರುಗಳ 1-3-4-2 ಕ್ರಮಕ್ಕೇ ಹಾಕಿ.

ಕಿಡಿ ಕೆಂಪಗೆ, ಸಣಕಲಾಗಿದ್ದರೆ ಕಂಡೆನ್ಸರ್ ಮತ್ತು ಪಾಯಿಂಟ್ ನೋಡಿ. ಕಿಡಿಯೇ ಇಲ್ಲವೆಂದರೆ 12 ವೋಲ್ಟಿನ ಟೆಸ್ಟ್ ಲ್ಯಾಂಪ್ ತನ್ನಿ. ದಪ್ಪ ವೈರನ್ನು ಮೊದಲು ಬ್ಲಾಕಿಗೆ ತಾಗಿಸಿಡಿ. ಲ್ಯಾಂಪಿನ ಒಂದು ತುದಿ ಬಾಡಿಗೆ, ಇನ್ನೊಂದು ಕಾಯಿಲ್‌ನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ವೈರಿನ ಟರ್ಮಿನಲ್‌ಗೆ. ಕೀ ಆನ್ ಮಾಡಿ ಸೆಲ್ಫ್ ಹೊಡೆದಾಗ ಲ್ಯಾಂಪ್ ಮಿಣುಕಬೇಕು. ಮಿಣುಕದೆ ಉರಿಯುತ್ತಲೇ ಇದ್ದರೆ ಪಾಯಿಂಟ್ ಮುಚ್ಚುತ್ತಿಲ್ಲ, ಇಲ್ಲವೇ ಕೊಳೆ ಕೂತಿದೆ. ಉರಿಯಲೇ ಇಲ್ಲವೆಂದರೆ ಕಾಯಿಲ್‌ನ ಇನ್ನೊಂದು ಟರ್ಮಿನಲ್‌ಗೆ ಇಟ್ಟು ನೋಡಿ. ಅಲ್ಲಿಯೂ ಇಲ್ಲದಿದ್ದರೆ ಕೀ ಕಡೆಯಿಂದಲೇ ಕರೆಂಟು ಬರುತ್ತಿಲ್ಲ. ಅಲ್ಲಿ ಉರಿದರೆ ಪಾಯಿಂಟ್ ತೆರೆಯುತ್ತಿಲ್ಲ, ಕಂಡೆನ್ಸರ್ ಶಾರ್ಟ್ ಆಗಿದೆ, ಅಥವಾ ಕಾಯಿಲ್ ಒಳಗೆ ತಂತಿ ಕಡಿದಿದೆ. ಪರೀಕ್ಷೆ ಮುಗಿದ ಕೂಡಲೇ ಕೀ ಆಫ್ ಮಾಡಿ. ಪಾಯಿಂಟ್ ಮುಚ್ಚಿಕೊಂಡೇ ಇದ್ದರೆ ಕಾಯಿಲ್ ಬಿಸಿಯಾಗುತ್ತದೆ.

ಪಾಯಿಂಟ್ ಗ್ಯಾಪ್ ಸುಮಾರು 0.45 ಮಿಲಿಮೀಟರ್ ಇರಲಿ. ಅಳೆಯುವಾಗ ಕ್ಯಾಮಿನ ಉಬ್ಬು ಪಾಯಿಂಟನ್ನು ಪೂರ್ತಿ ತೆರೆದಿರಬೇಕು. ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ತಗಡು) ಸ್ವಲ್ಪ ಉಜ್ಜಿಕೊಂಡೇ ಹೋಗಬೇಕು, ಸಡಿಲ ಬೇಡ. ಗ್ಯಾಪ್ ಬದಲಾದರೆ ಟೈಮಿಂಗ್, ಅಂದರೆ ಕಿಡಿ ಹಾರುವ ಸಮಯ ಕೂಡ ಆಚೀಚೆ ಆಗುತ್ತದೆ, ಹಾಗಾಗಿ ಕ್ಯಾಪ್ ಹಾಕಿದ ಮೇಲೆ ಅದನ್ನೂ ನೋಡಿಯೇ ಬಾನೆಟ್ ಮುಚ್ಚಿ.