ಘಟ್ಟದ ಮೇಲಿನ ಲ್ಯಾಪ್‌ಟಾಪು, ಕರಾವಳಿಯ ಮೂರು ಮಳೆಗಾಲ

"ಇದು ಗುಜರಿ ಮಾರಾಯ, ಒಂದು ಆಟಿ ದಾಟುವುದಿಲ್ಲ" ಎಂದಿದ್ದರು ಭಾವ. ಆಟಿಯೆಂದರೆ ನಮ್ಮ ಕರಾವಳಿಯ ಜೋರು ಮಳೆಯ ತಿಂಗಳು. 2022ರ ಡಿಸೆಂಬರಿನಲ್ಲಿ ಹಳೆಯ ಥಿಂಕ್‌ಪ್ಯಾಡ್ ಟಿ480 ಲ್ಯಾಪ್‌ಟಾಪ್ ಹಿಡಿದುಕೊಂಡು ಬೆಂಗಳೂರು ಬಸ್ಸಿನಿಂದ ಉಡುಪಿಯಲ್ಲಿ ಇಳಿದ ದಿನದ ಮಾತದು. ಭಾವ ರಿಪೇರಿ ಕೆಲಸದಲ್ಲಿ ಹದಿನೈದು ವರ್ಷ ಪಳಗಿದವರು. ಅವರ ಮಾತನ್ನು ಹಗುರವಾಗಿ ತೆಗೆದುಕೊಳ್ಳುವ ಹಾಗಿರಲಿಲ್ಲ, ಆದರೂ ನನಗೆ ನನ್ನ ಲೆಕ್ಕವಿತ್ತು. ಈಗ ಮೂರು ಆಟಿ ದಾಟಿದೆ. ಇದನ್ನು ಟೈಪ್ ಮಾಡುತ್ತಿರುವುದೂ ಅದೇ ಮೆಷಿನಿನಲ್ಲಿ.

ನನ್ನದು ಮನೆಯಲ್ಲೇ ಡಿಟಿಪಿ, ಅಂದರೆ ಅಚ್ಚಿಗೆ ಹೋಗುವ ಕಾಗದ ವಿನ್ಯಾಸ ಮಾಡುವ ಕೆಲಸ. ಮದುವೆ, ಮನೆ ಒಕ್ಕಲು, ದೈವದ ನೇಮದ ಕಾಗದ, ಯಕ್ಷಗಾನದ ಹ್ಯಾಂಡ್‌ಬಿಲ್. ಸಂಜೆ ಮಲ್ಪೆಯ ಎರಡು ಅಂಗಡಿಗಳ ಟ್ಯಾಲಿ ಲೆಕ್ಕ. ವಿನ್ಯಾಸಕ್ಕೆ ಕೋರೆಲ್, ಕನ್ನಡ ಟೈಪಿಂಗಿಗೆ ನುಡಿ, ಲೆಕ್ಕಕ್ಕೆ ಟ್ಯಾಲಿ, ಬ್ರೌಸರಿನಲ್ಲಿ ಹತ್ತು ಹದಿನೈದು ಟ್ಯಾಬ್, ಇಷ್ಟು ನಡೆದರೆ ನನಗೆ ಸಾಕು.

ಮೊದಲು ಕಳೆದುಕೊಂಡ ದುಡ್ಡಿನ ವಿಷಯ ಹೇಳುತ್ತೇನೆ. ಲಾಕ್‌ಡೌನ್ ವರ್ಷ ಸುಮಾರು 24,000 ಕೊಟ್ಟು ಹೊಸ ಲ್ಯಾಪ್‌ಟಾಪ್ ತೆಗೆದಿದ್ದೆ. ಸೆಲೆರಾನ್ ಎಂಬ ಅಗ್ಗದ ಪ್ರೊಸೆಸರ್, 4 ಜಿಬಿ ರ‍್ಯಾಮ್, 64 ಜಿಬಿ ಇಎಂಎಂಸಿ ಸ್ಟೋರೇಜು. ಪೆಟ್ಟಿಗೆ ಬಿಚ್ಚಿದಾಗ ಚಂದವೋ ಚಂದ. ಆರು ತಿಂಗಳಲ್ಲಿ ವಿಂಡೋಸ್ ಅಪ್‌ಡೇಟಿಗೆ ಜಾಗ ಇಲ್ಲ ಎಂದಿತು. ರ‍್ಯಾಮ್ ಹೆಚ್ಚಿಸೋಣ ಎಂದು ಬಿಚ್ಚಿದರೆ ಬೋರ್ಡಿಗೇ ಬೆಸುಗೆ. ಕೋರೆಲ್ ತೆರೆಯಲು ಕೊಟ್ಟು ಹೋಗಿ ಚಾ ಕುಡಿದು ಬರಬಹುದಿತ್ತು. ಅದನ್ನೂ ಸಹಿಸಿಕೊಂಡೆ. ಆದರೆ 2022ರ ಆಟಿಯಲ್ಲಿ ಒಂದು ವಾರ ಮನೆಯಲ್ಲಿ ಎಲ್ಲರಿಗೂ ಜ್ವರ, ಲ್ಯಾಪ್‌ಟಾಪ್ ಬ್ಯಾಗಿನಲ್ಲೇ ಉಳಿಯಿತು. ತೆಗೆದಾಗ ಬ್ಯಾಗಿಗೆ ಬೂಸ್ಟು, ಮೆಷಿನಿಗೆ ಜೀವವಿಲ್ಲ. ಬೋರ್ಡಿನ ಒಂದು ಮೂಲೆ ಹಸಿರುಗಟ್ಟಿತ್ತು. ಹೊಸ ಬೋರ್ಡಿಗೆ 14,000 ಚಿಲ್ಲರೆ ಹೇಳಿದರು. ಬೇಡವೆಂದು ಎತ್ತಿಟ್ಟೆ.

ಎರಡನೆಯ ಸಲ ಸೆಕೆಂಡ್ ಹ್ಯಾಂಡಿಗೆ ಹೋದೆ. ಜಾಹೀರಾತು ನೋಡಿ ಮಂಗಳೂರಿನಲ್ಲಿ ಒಬ್ಬರಿಂದ 11,000ಕ್ಕೆ ತಂದೆ. ಎರಡು ವಾರ ಒಳ್ಳೆಯದಾಗಿಯೇ ಓಡಿತು. ಶುದ್ಧ ಮಾಡೋಣ ಎಂದು ರೀಸೆಟ್ ಕೊಟ್ಟು ನೆಟ್‌ಗೆ ಸಿಕ್ಕಿಸಿದ್ದೇ ತಡ, ಯಾವುದೋ ಕಂಪನಿಯ ಹೆಸರು ತೋರಿಸಿ ಅಲ್ಲಿನ ಇಮೇಲ್, ಪಾಸ್‌ವರ್ಡ್ ಕೊಡು ಎಂದು ಕುಳಿತುಬಿಟ್ಟಿತು. ಮತ್ತೆ ಮತ್ತೆ ವಿಂಡೋಸ್ ಹಾಕಿದರೂ ಅದೇ ಪುಟ. ಮೆಷಿನ್ ಆ ಕಂಪನಿಯ ಪಟ್ಟಿಯಿಂದ ಬಿಡುಗಡೆಯೇ ಆಗಿರಲಿಲ್ಲ. ಜಗಳ ಮಾಡಿ 5,000 ವಾಪಸು ಸಿಕ್ಕಿತು, 6,000 ಹೋಯಿತು.

ಇಷ್ಟು ಪೆಟ್ಟು ತಿಂದ ಮೇಲೆ ಭಾವನ ಬೆಂಚಿನ ಪಕ್ಕ ಕುಳಿತು ರಿಪೇರಿಗೆ ಬರುವ ಮೆಷಿನುಗಳ ಹೊಟ್ಟೆ ನೋಡತೊಡಗಿದೆ. ಆಗ ಕಂಡದ್ದೇ ಈ ದಾರಿಯ ಬೇರು. ನಮ್ಮ ಕಡೆ ಮೂರು ವರ್ಷ ಬಾಳಿದ ಲ್ಯಾಪ್‌ಟಾಪಿನ ಸ್ಕ್ರೂ ತುಕ್ಕು ಹಿಡಿದಿರುತ್ತದೆ, ಯುಎಸ್‌ಬಿ ಬಾಯಿ ಕಪ್ಪಾಗಿರುತ್ತದೆ, ಫ್ಯಾನಿನ ದೂಳು ಹಿಟ್ಟು ಕಲಸಿದ ಹಾಗೆ ಅಂಟಿರುತ್ತದೆ. ಕಡಲಿನ ಉಪ್ಪು, ನಾಲ್ಕು ಸಾವಿರ ಮಿಲಿಮೀಟರ್ ಮಳೆ, ಎರಡೂ ಸೇರಿ ಮಾಡುವ ಕೆಲಸ. ಬೆಂಗಳೂರಿನಿಂದ ಮಕ್ಕಳು ತಂದ ಆರೇಳು ವರ್ಷದ ಆಫೀಸ್ ಲ್ಯಾಪ್‌ಟಾಪ್ ಬಿಚ್ಚಿದರೆ ಬೋರ್ಡು ನಿನ್ನೆ ತಂದ ಹಾಗೆ ಹೊಳೆಯುತ್ತದೆ. ಏಸಿ ಕೋಣೆಯಲ್ಲಿ ಬದುಕಿದ್ದು ಅದು. ಅಂದರೆ ಸೆಕೆಂಡ್ ಹ್ಯಾಂಡ್ ತೆಗೆಯುವುದಾದರೆ ಘಟ್ಟದ ಮೇಲಿನದ್ದನ್ನೇ ತೆಗೆಯಬೇಕು, ಮೂಲೆ ಬೋಳಾಗಿದ್ದರೂ ಅಡ್ಡಿಯಿಲ್ಲ.

ರಾತ್ರಿ ಬಸ್ಸು ಹತ್ತಿ ಶಿರಾಡಿ ಘಾಟಿ ದಾಟಿ ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್.ಪಿ. ರೋಡಿಗೆ ಹೋದೆ. ಎರಡು ದಿನ, ಒಂಬತ್ತು ಅಂಗಡಿ. ಮೊಬೈಲ್ ಹಾಟ್‌ಸ್ಪಾಟ್ ಕೊಟ್ಟು ಅಂಗಡಿಯಲ್ಲೇ ರೀಸೆಟ್ ಮಾಡಿಸದ ಹೊರತು ದುಡ್ಡಿನ ಮಾತು ಆಡಲಿಲ್ಲ. ಇಬ್ಬರು ಅದಕ್ಕೆ ಒಪ್ಪಲಿಲ್ಲ, ಅಲ್ಲಿಂದ ಎದ್ದು ಬಂದೆ. ಬಯೋಸಿನಲ್ಲಿ (ವಿಂಡೋಸಿಗೂ ಮೊದಲು ತೆರೆಯುವ ಸೆಟ್ಟಿಂಗು) ಸೂಪರ್‌ವೈಸರ್ ಪಾಸ್‌ವರ್ಡ್ ಉಂಟೋ, ಅಲ್ಲಿನ ಸೀರಿಯಲ್ ನಂಬರೂ ತಳದ ಸ್ಟಿಕರೂ ಒಂದೆಯೋ ಎಂದು ನೋಡುವುದು ಎಲ್ಲರೂ ಮಾಡುವ ಕೆಲಸ. ನಾನು ಇನ್ನೊಂದು ಮಾಡುತ್ತೇನೆ: ಹದಿನೈದು ನಿಮಿಷ ಓಡಿಸಿ ಫ್ಯಾನಿನ ಗಾಳಿಯನ್ನು ಮೂಸುತ್ತೇನೆ. ಒಣ ದೂಳಿನ ವಾಸನೆ ಬಂದರೆ ತೊಂದರೆಯಿಲ್ಲ. ಮುಗ್ಗಲು ವಾಸನೆ ಬಂದರೆ ಅದು ಎಲ್ಲಿಯೋ ಒದ್ದೆ ಜಾಗದಲ್ಲಿ ಬಿದ್ದಿದ್ದ ಮೆಷಿನು. ಕೊನೆಗೆ ತೆಗೆದ ಅಂಗಡಿ ಯಾವುದು, ಪರದೆಯ ಹಿಂಜ್ ಎಷ್ಟು ಸವೆದಿದೆ ಎಂದು ಬಿಚ್ಚದೆ ಹೇಗೆ ತಿಳಿಯುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದರಿಂದಲೇ ನನಗೀಗ ನಾಲ್ಕು ಕಾಸು ಬರುತ್ತಿದೆ.

ಟಿ480 ಸಿಕ್ಕಿತು: ಇಂಟೆಲ್ ಐ5 ಪ್ರೊಸೆಸರ್, 8ನೇ ತಲೆಮಾರು, 8 ಜಿಬಿ ರ‍್ಯಾಮ್, 256 ಜಿಬಿ ಎಸ್‌ಎಸ್‌ಡಿ. 19,000 ಹೇಳಿದ್ದು 17,500ಕ್ಕೆ ಇಳಿಯಿತು. ಅದೇ ಅಂಗಡಿಯಲ್ಲಿ 6ನೇ ತಲೆಮಾರಿನದ್ದು 11,000ಕ್ಕಿತ್ತು. "ನಿನ್ನ ಟೈಪಿಂಗಿಗೆ ಅದೇ ಧಾರಾಳ" ಎಂದು ಭಾವ ಫೋನಿನಲ್ಲಿ ಹೇಳಿದರು. ವಿಂಡೋಸ್ 11 ಬಂದು ಆಗಲೇ ವರ್ಷ ಕಳೆದಿತ್ತು, ಇಂಟೆಲ್‌ನಲ್ಲಿ ಹೆಚ್ಚುಕಡಿಮೆ 8ನೇ ತಲೆಮಾರಿನಿಂದ ಈಚಿನದಕ್ಕೆ ಮಾತ್ರ ಅದು ಅಧಿಕೃತವಾಗಿ ಸಿಗುವುದು. ಆರೂವರೆ ಸಾವಿರ ಹೆಚ್ಚು ಕೊಟ್ಟೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದಾಗ 6, 7ನೇ ತಲೆಮಾರಿನವು ಭಾವನ ಅಂಗಡಿಯಲ್ಲಿ ಸಾಲುಗಟ್ಟಿದವು. ನನ್ನದು ಅಷ್ಟರಲ್ಲಿ 11ಕ್ಕೆ ಹೋಗಿ ವರ್ಷವಾಗಿತ್ತು.

ಊರಿಗೆ ಬಂದು ಎರಡನೆಯ ಸ್ಲಾಟಿಗೆ 8 ಜಿಬಿ ಹಾಕಿದೆ, 1,700 ಇರಬೇಕು. 500 ಜಿಬಿ ಎಸ್‌ಎಸ್‌ಡಿಗೆ 3,000ದ ಹತ್ತಿರ. ಇಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಪರದೆ ಬಿಡಲಿಲ್ಲ. ಅದು 1366x768ರ ಟಿಎನ್ ಪ್ಯಾನೆಲ್. ಕುಂಕುಮದ ಕೆಂಪು ಒಂದು ಕೋನದಲ್ಲಿ ಕೇಸರಿ, ಇನ್ನೊಂದರಲ್ಲಿ ಇಟ್ಟಿಗೆ ಬಣ್ಣ. ಬಣ್ಣದ ಪಟ್ಟಿ ನೋಡದೆ ಕಣ್ಣಳತೆಯಲ್ಲಿ ಬಣ್ಣ ಹಾಕಿ ಕಳಿಸಿದ ಮದುವೆ ಕಾಗದ 300 ಪ್ರತಿ ಪ್ರೆಸ್ಸಿನಿಂದ ಕಂದು ಬಣ್ಣದಲ್ಲಿ ಬಂತು. ಮದುಮಗಳ ತಾಯಿ ಕೈಯಲ್ಲಿ ಹಿಡಿದು ಸುಮ್ಮನೆ ನಿಂತದ್ದು ಇವತ್ತಿಗೂ ಕಣ್ಣ ಮುಂದಿದೆ. ನನ್ನ ಖರ್ಚಿನಲ್ಲೇ ಮತ್ತೆ ಅಚ್ಚು ಹಾಕಿಸಿದೆ, ಸುಮಾರು 2,700 ಹೋಯಿತು. ಮರುವಾರವೇ ಯಾವ ಕೋನದಲ್ಲೂ ಬಣ್ಣ ಹೆಚ್ಚು ಬದಲಾಗದ ಫುಲ್ ಎಚ್‌ಡಿ ಐಪಿಎಸ್ ಪ್ಯಾನೆಲ್ ತರಿಸಿ ಹಾಕಿದೆ, 4,200. ಕೇಬಲ್ ಅದೇ 30 ಪಿನ್ನಿನದು, ಬದಲಿಸಬೇಕಾಗಲಿಲ್ಲ. ಮೊದಲ ಬಾರಿಗೆ ಬೆಜಲ್ (ಪರದೆಯ ಸುತ್ತಲಿನ ಚೌಕಟ್ಟು) ಎಬ್ಬಿಸುವಾಗ ಒಂದು ಕೊಕ್ಕೆ ಮುರಿಯಿತು, ಈಗಲೂ ಆ ಮೂಲೆಯಲ್ಲಿ ಟೇಪ್ ಇದೆ. ನಮ್ಮಂಥ ಕೆಲಸದವರು ಪ್ರೊಸೆಸರಿಗೆ ಕೊಡುವ ದುಡ್ಡಿನಲ್ಲಿ ಸ್ವಲ್ಪ ತೆಗೆದು ಪರದೆಗೆ ಇಡಲೇಬೇಕು.

ಮಳೆಗಾಲದ ಉಪಚಾರದಲ್ಲಿ ದೊಡ್ಡ ರಹಸ್ಯವೇನೂ ಇಲ್ಲ. ದಿನವೂ ಓಡುವ ಮೆಷಿನು ತನ್ನ ಬಿಸಿಗೆ ತಾನೇ ಒಣಗಿರುತ್ತದೆ. ಕೆಲಸವಿಲ್ಲದ ದಿನವೂ ಒಂದು ಗಂಟೆ ಹಚ್ಚಿಡುತ್ತೇನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬ್ಯಾಗಿನಲ್ಲಿ ಇಡುವುದಿಲ್ಲ, ರಾತ್ರಿ ರಬ್ಬರ್ ಬಿಗಿಯಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಅರ್ಧ ಕಿಲೋ ಜೊತೆ ಇಡುತ್ತೇನೆ.

ಅಮ್ಮ "ಅಕ್ಕಿ ಹಾಕಿದರೆ ಸಾಲದಾ, ಅದಕ್ಕೆ ಎಂತಕ್ಕೆ ದುಡ್ಡು?" ಎಂದು ಕೇಳಿದರು. ಸರಿ, ನೋಡಿಯೇ ಬಿಡೋಣ ಎಂದು 250 ರೂಪಾಯಿಯ ತೇವ ಅಳೆಯುವ ಮೀಟರ್ ತಂದೆ. ಜುಲೈ ತಿಂಗಳು, ಕೋಣೆಯಲ್ಲಿ ತೇವ ಶೇಕಡ 88, 90. ಎರಡು ಕಿಲೋ ಕುಚ್ಚಲಕ್ಕಿ ಹಾಕಿ ಮುಚ್ಚಿದ ಡಬ್ಬದಲ್ಲಿ ಒಂದು ರಾತ್ರಿ ಕಳೆದ ಮೇಲೂ 70ರ ಆಸುಪಾಸಿನಲ್ಲೇ ನಿಂತಿತು. ಸಿಲಿಕಾ ಜೆಲ್ ಡಬ್ಬದಲ್ಲಿ 40ಕ್ಕೆ ಇಳಿಯಿತು. ಅಮ್ಮನೇ ಮೀಟರ್ ಓದಿ ಒಪ್ಪಿಕೊಂಡರು. ಜೆಲ್ ತೇವ ಕುಡಿದು ಬಣ್ಣ ಬದಲಾದರೆ ಹಳೆಯ ಕಾವಲಿಯಲ್ಲಿ ಸಣ್ಣ ಉರಿಯಲ್ಲಿ ಒಣಗಿಸುತ್ತೇನೆ. ಕಿತ್ತಳೆ ಬಣ್ಣದ್ದನ್ನೇ ತನ್ನಿ, ನೀಲಿಯದರಲ್ಲಿ ಕೋಬಾಲ್ಟ್ ಇರುತ್ತದೆ, ಅದು ಮೈಗೆ ಒಳ್ಳೆಯದಲ್ಲ. ಯಾವುದೇ ಆಗಲಿ, ಆ ಕಾವಲಿ ಮತ್ತೆ ದೋಸೆಗೆ ಬೇಡ.

ಇನ್ನೊಂದು ಪ್ರಯೋಗ 2024ರ ಮಳೆಯಲ್ಲಿ. ಮರ ಬಿದ್ದು ಮೂರು ದಿನ ಕರೆಂಟಿಲ್ಲ, ಎರಡು ಆಮಂತ್ರಣ ಕಾಗದ ಬಾಕಿ. ಮನೆಯ ಇನ್ವರ್ಟರ್ ಅಡಾಪ್ಟರ್ ಓಡಿಸಲಿಕ್ಕೆಂದೇ ದಿನವಿಡೀ ಉರಿದು ಬ್ಯಾಟರಿ ತಿನ್ನುತ್ತಿತ್ತು. ಟಿ480 ಟೈಪ್ ಸಿಯಲ್ಲೇ ಚಾರ್ಜ್ ಆಗುತ್ತದಲ್ಲ, ಕಾರಿಗೆ ಹಾಕುವ ಚಾರ್ಜರನ್ನು ಇನ್ವರ್ಟರಿನ 12 ವೋಲ್ಟ್ ಬ್ಯಾಟರಿಗೆ ನೇರ ಕೊಟ್ಟರೆ ಹೇಗೆ ಎಂದು ಹೊಳೆಯಿತು. ಮೊದಲು ಮೊಬೈಲಿಗೆ ತಂದಿದ್ದ 18 ವ್ಯಾಟಿನದು ಹಾಕಿದೆ, ಲ್ಯಾಪ್‌ಟಾಪ್ ತಿರುಗಿಯೂ ನೋಡಲಿಲ್ಲ. 65 ವ್ಯಾಟ್ ಪಿಡಿ (ಟೈಪ್ ಸಿಯಲ್ಲಿ ಹೆಚ್ಚು ಶಕ್ತಿ ಕೊಡುವ) ಚಾರ್ಜರ್ 1,300 ಕೊಟ್ಟು ತಂದು, ಬ್ಯಾಟರಿ ತುದಿಯಲ್ಲೇ 10 ಆಂಪಿಯರ್ ಫ್ಯೂಸ್ ಇಟ್ಟು ಕೊಟ್ಟೆ, ಹಿಡಿಯಿತು. ಫ್ಯೂಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಮೀಟರ್ ಇಟ್ಟು ನೋಡಿದರೆ ಬರೀ ಟೈಪಿಂಗಿಗೆ 8ರಿಂದ 10 ವ್ಯಾಟ್. 150 ಎಎಚ್ (ಆಂಪಿಯರ್ ಅವರ್) ಬ್ಯಾಟರಿಯ ಅರ್ಧ ಬಳಸಿದರೂ ದಿನಗಟ್ಟಲೆ ಓಡುತ್ತದೆ. ಎರಡೂ ಕಾಗದ ಹೊತ್ತಿಗೆ ಸರಿಯಾಗಿ ಪ್ರೆಸ್ಸಿಗೆ ಹೋದವು.

ಸಿಡಿಲಿನ ಹೊತ್ತಿಗೂ ಈ ಮೆಷಿನು ಅನುಕೂಲ. ಏಪ್ರಿಲ್, ಮೇ, ಮತ್ತೆ ಅಕ್ಟೋಬರಿನ ಸಂಜೆ ಗುಡುಗಿದ ಕೂಡಲೇ ಅಡಾಪ್ಟರ್, ಲ್ಯಾನ್ ವೈರ್ ಎರಡನ್ನೂ ಕಿತ್ತು ಬ್ಯಾಟರಿಯಲ್ಲೇ ಕೆಲಸ ಮುಂದುವರಿಸುತ್ತೇನೆ. ಒಳಗೊಂದು ಹೊರಗೊಂದು ಬ್ಯಾಟರಿ, ಹೊರಗಿನದ್ದನ್ನು ಮೆಷಿನ್ ನಿಲ್ಲಿಸದೆಯೇ ಬದಲಿಸಬಹುದು. ಹೊರಗಿನದು ಒಂದೂವರೆ ವರ್ಷಕ್ಕೆ ಬಸವಳಿಯಿತು, ಹೊಸದಕ್ಕೆ 2,800. ಅಂದಿನಿಂದ ಚಾರ್ಜನ್ನು ಶೇಕಡ 80ಕ್ಕೆ ನಿಲ್ಲಿಸಿದ್ದೇನೆ, ಈಗಲೂ ನಾಲ್ಕೈದು ಗಂಟೆ ಬರುತ್ತದೆ.

ಕಾರಿನ ಚಾರ್ಜರ್, ಮೀಟರ್ ಇತ್ಯಾದಿ ಬಿಟ್ಟು, ಬಸ್ ಚಾರ್ಜು 1,600 ಸೇರಿಸಿದರೆ ಮೆಷಿನಿಗೆ ಒಟ್ಟು 31,000ದ ಒಳಗೆ. ಆ ದುಡ್ಡಿಗೆ ಆಗ ಹೊಸದಾಗಿ ಸಿಗುತ್ತಿದ್ದವುಗಳಲ್ಲಿ ಇಂಥ ಕೀಬೋರ್ಡು, 16 ಜಿಬಿ, ಈ ಪರದೆ ಮೂರೂ ಒಟ್ಟಿಗೆ ಇದ್ದದ್ದನ್ನು ನಾನು ಕಾಣಲಿಲ್ಲ.

ಕಳೆದ ತಿಂಗಳು ಭಾವನೇ ಮನೆಗೆ ಬಂದು ನನ್ನ ಮೆಷಿನಿನ ತಳ ಬಿಚ್ಚಿ, ಟಾರ್ಚ್ ಹಿಡಿದು ಬೋರ್ಡನ್ನು ಮೂಲೆ ಮೂಲೆ ನೋಡಿದರು. ಸ್ಕ್ರೂ ಹಾಕುತ್ತಾ "ಮಗಳಿಗೊಂದು ಬೇಕಿತ್ತು, ಮುಂದಿನ ಸಲ ಹೋಗುವಾಗ ಹೇಳು, ನಾನೂ ಬರುತ್ತೇನೆ" ಎಂದರು. ರ‍್ಯಾಮಿನ ರೇಟು ಈಗ ದುಪ್ಪಟ್ಟು ದಾಟಿದೆ, ಬೇರೆಯಾಗಿ ಹಾಕಿಸುವುದರಲ್ಲಿ ಲಾಭವಿಲ್ಲ. 16 ಜಿಬಿ ಇರುವುದನ್ನೇ ಹುಡುಕಬೇಕು. ಶುಕ್ರವಾರ ರಾತ್ರಿಯ ಬಸ್ಸಿಗೆ ಎರಡು ಸೀಟು ಬುಕ್ ಮಾಡಿದ್ದೇನೆ.