ಬೆಟ್ಟದ ಮೇಲಿನ ಹಟ್‌ನಲ್ಲಿ ಒಂದು ರಾತ್ರಿ ಉಳಿಯೋದು ಹೇಗೆ?

ಹಿಮಾಲಯ ನೋಡ್ಬೇಕು ಆದ್ರೆ ಟೆಂಟ್ ಬೇಡ, ಮಂಡಿ ನೋಯೋ ಥರ ಹತ್ತೋದೂ ಬೇಡ ಅನ್ನೋ ಬೆಂಗಳೂರಿನೋರಿಗೆ ನಾನು ಹೇಳೋದು ಡಾರ್ಜಿಲಿಂಗ್ ಪಕ್ಕದ ಸಿಂಗಲೀಲಾ ಬೆಟ್ಟಸಾಲು. 3,636 ಮೀಟರ್ ಎತ್ತರದ ಸಂದಕ್‌ಫು ಶಿಖರದವರೆಗೂ ಹೋಗ್ಲೇಬೇಕು ಅಂತೇನಿಲ್ಲ, ಧೋತ್ರೆ ಅನ್ನೋ ಹಳ್ಳಿಯಿಂದ ಕಾಡಲ್ಲಿ ನಡ್ಕೊಂಡು ಟಾಂಗ್ಲು ಹತ್ತಿ ತುಮ್ಲಿಂಗ್‌ಗೆ ಇಳಿದ್ರೆ ಸುಮಾರು 8 ಕಿ.ಮೀ. ಅಷ್ಟೇ. ಟಾಂಗ್ಲುನಲ್ಲಿ ಸರ್ಕಾರಿ ಟ್ರೆಕ್ಕರ್ಸ್ ಹಟ್ ಇದೆ, ತುಮ್ಲಿಂಗ್‌ನಲ್ಲಿ ಮನೆಯೋರೇ ನಡೆಸೋ ಲಾಡ್ಜ್‌ಗಳಿವೆ.

ಮೊದಲು ತಿಂಗಳು ನೋಡ್ಕೊಳ್ಳಿ. ಮಳೆಗಾಲದಲ್ಲಿ ಸಿಂಗಲೀಲಾ ರಾಷ್ಟ್ರೀಯ ಉದ್ಯಾನ ಮುಚ್ಚಿರತ್ತೆ. ಏಪ್ರಿಲ್‌ನಲ್ಲಿ ರೋಡೋಡೆಂಡ್ರಾನ್ ಹೂವು, ಅಕ್ಟೋಬರ್-ನವೆಂಬರ್‌ನಲ್ಲಿ ಆಕಾಶ ಕ್ಲಿಯರ್ ಇದ್ರೆ 8,586 ಮೀಟರ್‌ನ ಕಾಂಚನಜುಂಗಾ ಪೂರ್ತಿ ಕಾಣ್ಸತ್ತೆ. ಸೀಸನ್‌ನಲ್ಲಿ ರೂಮ್ ಫೋನ್ ಮಾಡಿ ಬುಕ್ ಮಾಡ್ಲೇಬೇಕು, ಅಲ್ಲಿ ಹೋಗಿ ನೋಡ್ಕೊಳ್ಳೋಣ ಅಂದ್ರೆ ಆಗಲ್ಲ.

ಬಾಗ್‌ಡೋಗ್ರಾ ಏರ್‌ಪೋರ್ಟಲ್ಲಿ ಇಳಿದ ದಿನವೇ ಮೇಲೆ ಓಡ್ಬೇಡಿ, ಡಾರ್ಜಿಲಿಂಗ್‌ನಲ್ಲೋ ಬೆಟ್ಟದ ಕೆಳಗಿನ ಮಾನೆಭಂಜನ್ ಅನ್ನೋ ಊರಲ್ಲೋ ಒಂದು ರಾತ್ರಿ ಮಲಗಿ. ಯಾಕಂದ್ರೆ ನಮ್ಮ ಮುಳ್ಳಯ್ಯನಗಿರಿ 1,930 ಮೀಟರ್, ಟಾಂಗ್ಲು 3,000 ದಾಟತ್ತೆ, ಬೆಂಗಳೂರಿಂದ ಸೀದಾ ಹೋದೋರಿಗೆ ತಲೆನೋವು ಹಿಡ್ಕೊಳ್ಳೋದು ಸಾಮಾನ್ಯ. ಗೈಡ್ ಕಡ್ಡಾಯ, ಮಾನೆಭಂಜನ್‌ನಲ್ಲೇ ಮಾಡ್ಕೊಳ್ಳಿ. ದಾರಿ ಗಡಿ ಮೇಲೇ ಹೋಗತ್ತೆ, ತುಮ್ಲಿಂಗ್ ಇರೋದು ನೇಪಾಳದ ಕಡೆ, ಅದಕ್ಕೆ ವೋಟರ್ ಐಡಿನೋ ಪಾಸ್‌ಪೋರ್ಟೋ ಒರಿಜಿನಲ್ ಜೇಬಲ್ಲಿರ್ಲಿ. ಕ್ಯಾಶ್ ಕೂಡ, ನೆಟ್‌ವರ್ಕ್ ನಂಬ್ಕೊಂಡು ಯುಪಿಐ ಅಂತ ಹೋಗ್ಬೇಡಿ.

ಬೆಳಿಗ್ಗೆ ಬೇಗ ಹೊರಡಿ. ಇದನ್ನ ಒತ್ತಿ ಹೇಳ್ತೀನಿ, ಅದು ಪೂರ್ವದ ಕಡೆ, ನವೆಂಬರ್‌ನಲ್ಲಿ ಸಂಜೆ ಐದಕ್ಕೆ ಮುಂಚೆನೇ ಸೂರ್ಯ ಮುಳುಗ್ತಾನೆ, ಬೆಂಗಳೂರಿನ ಲೆಕ್ಕದಲ್ಲಿ ಆರು ಗಂಟೆವರೆಗೂ ಬೆಳಕಿರತ್ತೆ ಅಂದ್ಕೊಂಡ್ರೆ ಕಾಡಲ್ಲೇ ಕತ್ತಲಾಗತ್ತೆ. ಮಧ್ಯಾಹ್ನ ಎರಡು-ಮೂರಕ್ಕೆಲ್ಲಾ ಹಟ್ ತಲುಪಿರ್ಬೇಕು.

ತಲುಪಿದ ತಕ್ಷಣ ಬೆವರಿನ ಬನಿಯನ್, ಸಾಕ್ಸ್ ಬದಲಾಯಿಸಿ ಸ್ವೆಟರ್ ಹಾಕ್ಕೊಳ್ಳಿ, ಚಳಿ ಆದಮೇಲೆ ಹಾಕ್ಕೊಂಡ್ರೆ ಮೈ ಬಿಸಿ ಆಗೋಕೆ ತುಂಬಾ ಹೊತ್ತು ಬೇಕು. ಆಮೇಲೆ ಸೀದಾ ಅಡುಗೆಮನೆಗೆ ಹೋಗಿ ರಾತ್ರಿ ಊಟ ಎಷ್ಟು ಜನಕ್ಕೆ ಅಂತ ಹೇಳ್ಬಿಡಿ, ಸಸ್ಯಾಹಾರ ಆದ್ರೆ ಅದೂ. ಅನ್ನ, ಬೇಳೆ, ಆಲೂಗಡ್ಡೆ ಪಲ್ಯ, ಮೊಟ್ಟೆ, ಇಷ್ಟೇ ಇರತ್ತೆ, ಹಸಿವಲ್ಲಿ ಅಮೃತ. ಮೆನು ಕಾರ್ಡ್ ಕೇಳ್ಬೇಡಿ ಪ್ಲೀಸ್, ಪ್ರತಿ ಚೀಲನೂ ಕೆಳಗಿಂದ ಬರ್ಬೇಕು. ತೊಂಗ್ಬಾ ಅಂತ ಒಂದು ಪಾನೀಯ ಕೊಡ್ತಾರೆ, ಅದು ನಮ್ಮ ರಾಗಿನೇ ಹುಳಿ ಬರಿಸಿ ಮಾಡೋದು, ಉದ್ದ ಪಾತ್ರೆಲಿರೋ ಕಾಳಿಗೆ ಬಿಸಿನೀರು ಹಾಕಿ ಕೊಳವೆಯಿಂದ ಹೀರೋದು. ಅಮಲಿರತ್ತೆ, ಎತ್ತರದಲ್ಲಿ ಮೊದಲ ರಾತ್ರಿ ಬೇಡ ಅಂತಲೇ ನನ್ನ ಸಲಹೆ.

ನೀರಿನ ವಿಷಯ ಮನಸ್ಸಲ್ಲಿಟ್ಕೊಳ್ಳಿ. ಬೆಟ್ಟದ ನೆತ್ತಿ ಮೇಲೆ ನೀರು ಕಷ್ಟ. ಸ್ನಾನ ಒಂದು ದಿನ ಬಿಟ್ರೆ ಏನೂ ಆಗಲ್ಲ, ಬಕೆಟ್ ಬಿಸಿನೀರು ಕೇಳಿದ್ರೆ ಅಷ್ಟು ಸೌದೆ ಉರೀಬೇಕು. ಕುಡಿಯೋಕೆ ಕುದಿಸಿದ ನೀರನ್ನ ದುಡ್ಡು ಕೊಟ್ಟು ತಗೊಳ್ಳಿ.

ಮಲಗೋಕೆ ಮಂಚ, ದಪ್ಪ ರಜಾಯಿ ಇರತ್ತೆ, ಹೀಟರ್ ಇರಲ್ಲ. ರಜಾಯಿ ಸ್ವಲ್ಪ ತೇವ ಅನ್ಸತ್ತೆ, ಅದಕ್ಕೆ ಮನೆಯಿಂದ ಒಂದು ತೆಳು ಬೆಡ್‌ಶೀಟ್ ಚೀಲದ ಥರ ಹೊಲಿಸ್ಕೊಂಡು ಹೋದ್ರೆ ಒಳಗೆ ತೂರ್ಕೊಂಡು ಮಲಗ್ಬಹುದು. ಊಟ ಆದಮೇಲೆ ಸ್ಟೀಲ್ ಬಾಟಲಿಗೆ ಬಿಸಿನೀರು ತುಂಬಿಸಿ ಮುಚ್ಚಳ ಬಿಗಿಮಾಡಿ, ಒಂದು ದಪ್ಪ ಸಾಕ್ಸ್ ಒಳಗೆ ಹಾಕಿ ಕಾಲ ಹತ್ರ ಇಟ್ಕೊಳ್ಳಿ, ಬೆಳಿಗ್ಗೆ ಅದೇ ಉಗುರುಬೆಚ್ಚಗಿನ ನೀರು ಕುಡಿಯೋಕೂ ಆಯ್ತು. ಫೋನ್, ಪವರ್‌ಬ್ಯಾಂಕ್ ಕೂಡ ರಜಾಯಿ ಒಳಗೇ, ಚಳಿಗೆ ಬ್ಯಾಟರಿ ಬೇಗ ಇಳಿಯತ್ತೆ. ಟಾರ್ಚ್ ದಿಂಬಿನ ಪಕ್ಕ, ಟಾಯ್ಲೆಟ್ ಹೊರಗಡೆ ಇರಬಹುದು. ರಾತ್ರಿ ತಲೆನೋವು ಜಾಸ್ತಿ ಆಗಿ ವಾಂತಿ ಬಂದ್ರೆ ಮುಚ್ಚಿಡ್ಬೇಡಿ, ಗೈಡ್‌ನ ಎಬ್ಬಿಸಿ, ಕೆಳಗೆ ಇಳಿಯೋದೇ ಅದಕ್ಕೆ ಔಷಧಿ.

ಬಿಲ್ ರಾತ್ರಿನೇ ಚುಕ್ತಾ ಮಾಡಿ, ಬೆಳಿಗ್ಗೆ ಅವರು ಒಲೆ ಮುಂದೆ ಬಿಡುವಿಲ್ದೆ ಇರ್ತಾರೆ. ಬಿಸ್ಕೆಟ್ ಕವರ್, ಖಾಲಿ ಬಾಟಲಿ ಎಲ್ಲಾ ನಿಮ್ಮ ಬ್ಯಾಗಲ್ಲೇ ವಾಪಸ್ ಇಳೀಲಿ, ಮೇಲೆ ಕಸದ ಗಾಡಿ ಬರಲ್ಲ.